ಹನ್ನೆರಡು ಸಾಸಿರದಿಂದ ಬರಿಯ ಹನ್ನೆರಡಕ್ಕೆ

ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ರಣಭೂಮಿಯಲ್ಲಿ ಚೋಳ ಯುವರಾಜ ರಾಜಾದಿತ್ಯ ಬಿದ್ದ. ಅವನನ್ನು ಕೊಂದವನು ಗಂಗರ ಇಮ್ಮಡಿ ಬೂತುಗ. ಗೆಲುವು ಸಂದದ್ದು ಬೂತುಗನ ಒಡೆಯನೂ ಭಾವಮೈದುನನೂ ಆದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೆ. ಮೆಚ್ಚಿದ ಚಕ್ರವರ್ತಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ದಯಪಾಲಿಸಿದ. ಬೂತುಗನೂ ಕೈ ಬಿಗಿಹಿಡಿಯಲಿಲ್ಲ. ತನ್ನ ಬಂಟ ಮಣಲೇರನಿಗೆ ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಕೊಟ್ಟ. ಮಂಡ್ಯ ಸೀಮೆಯ ಆತಕೂರಿನ ಕಲ್ಲು ಇದನ್ನೆಲ್ಲ ಹೇಳುತ್ತದೆ. ಮಣಲೇರ ತನ್ನ ಒಡೆಯನಲ್ಲಿ ಬೇಡಿ ಪಡೆದ ಬೇಟೆನಾಯಿ ಕಾಳಿ, ಹಂದಿಯೊಡನೆ ಸೆಣಸಿ ಸತ್ತ ಕಥೆಯೂ ಅದೇ ಕಲ್ಲಿನಲ್ಲಿದೆ. ಜನ ನೆನಪಿಟ್ಟುಕೊಂಡದ್ದು ನಾಯಿಯನ್ನೇ, ಅದು ನ್ಯಾಯವೂ ಹೌದು. ಆದರೆ ರಾಜ್ಯವೊಂದು ಮೇಲಿನಿಂದ ಕೆಳಕ್ಕೆ ಹೇಗೆ ಹಂಚಿಹೋಗುತ್ತಿತ್ತೆಂಬುದನ್ನು ಇಷ್ಟು ಅಡಕವಾಗಿ ಹೇಳುವ ಶಾಸನ ಅಪರೂಪ.

ಈ ಸಂಖ್ಯೆಗಳು ಊರಿನ ಲೆಕ್ಕವೋ ಹುಟ್ಟುವಳಿಯ ಲೆಕ್ಕವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಗಂಗವಾಡಿ 96000 ಎಂಬಲ್ಲಿ ಅಷ್ಟು ಊರುಗಳಿದ್ದವೆಂದು ನಂಬುವುದು ಕಷ್ಟ. 12, 70 ಎಂಬ ಸಣ್ಣ ಎಣಿಕೆಗಳು ಮಾತ್ರ ನಿಜವಾದ ಊರುಗಳ ಗುಂಪುಗಳೇ ಎಂದು ತೋರುತ್ತದೆ. ಬನವಾಸಿ ಹನ್ನೆರಡು ಸಾಸಿರದ ಒಡಲಲ್ಲಿ ನಾಗರಖಂಡ 70, ಜಿಡ್ಡುಳಿಗೆ 70ರಂಥ ಕಂಪಣಗಳೆಂಬ ಒಳವಿಭಾಗಗಳಿದ್ದವು. ಪ್ರಾಂತಕ್ಕೆ ಮಹಾಸಾಮಂತನೋ ದಂಡನಾಯಕನೋ ಇದ್ದರೆ, ನಾಡಿಗೆ ನಾಳ್ಗಾವುಂಡ, ಊರಿಗೆ ಗಾವುಂಡ, ಲೆಕ್ಕಕ್ಕೆ ಸೇನಬೋವ.

ನಾಳ್ಗಾವುಂಡನ ಹುದ್ದೆ ಬರಿಯ ಬಿರುದಲ್ಲ. ತಕ್ಕೋಲಕ್ಕೂ ಮುಂಚೆ, ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡದ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಪಟ್ಟ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಕೆ ಎಪ್ಪತ್ತನ್ನು ಸಮರ್ಥವಾಗಿ ಆಳಿದಳೆಂದು ಶಾಸನ ಹೊಗಳುತ್ತದೆ. ಕಾಯಿಲೆ ಹೆಚ್ಚಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟಳು. ಹೆಣ್ಣಿಗೆ ನಾಡು ಒಪ್ಪಿಸಿದ್ದನ್ನು ನಾವು ಬೆರಗಿನಿಂದ ಓದುತ್ತೇವೆ. ಹುದ್ದೆ ಒಂದು ಮನೆತನದ ಸ್ವತ್ತಾಗಿತ್ತೆಂಬುದನ್ನೂ ಅದೇ ಶಾಸನ ತೋರಿಸಿಕೊಡುತ್ತದೆ.

ಪೇಟೆಯ ಬಗೆ ಬೇರೆ. ಪುರಿಗೆರೆ ಅಥವಾ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, 8ನೇ ಶತಮಾನದ ಮೊದಲರ್ಧದಲ್ಲೇ ಬಾದಾಮಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನಿಂದ ಒಂದು ಆಚಾರವ್ಯವಸ್ಥೆಯನ್ನು ಬರೆಸಿಕೊಂಡಿತ್ತು. ಅಲ್ಲಿನ ಮಹಾಜನರು, ನಗರದ ವರ್ತಕರು, ಹದಿನೆಂಟು ಪ್ರಕೃತಿಗಳೆಂಬ ಪ್ರಜಾವರ್ಗಗಳು ಒಂದು ಕಡೆ, ಅರಸನ ಅಧಿಕಾರಿಗಳು ಇನ್ನೊಂದು ಕಡೆ. ಯಾರು ಹೇಗೆ ನಡೆದುಕೊಳ್ಳಬೇಕೆಂದು ಕಲ್ಲಿನಲ್ಲೇ ಕಟ್ಟು ಹಾಕಲಾಯಿತು. ಒಕ್ಕಲುಗಳು ತಮ್ಮ ತಮ್ಮ ಅಂತಸ್ತಿಗೆ ತಕ್ಕ ತೆರಿಗೆಯನ್ನು ಕಾರ್ತಿಕ ಮಾಸದಲ್ಲಿ ಶ್ರೇಣಿಗೆ ಸಲ್ಲಿಸಬೇಕಿತ್ತು. ಅರಸನ ಆಳು ಮನೆ ಮನೆಯ ಬಾಗಿಲು ತಟ್ಟುವುದಕ್ಕೂ ಊರಿನದೇ ಸಂಘ ಎತ್ತುವಳಿ ಮಾಡುವುದಕ್ಕೂ ಇರುವ ವ್ಯತ್ಯಾಸ ತೆರಿಗೆ ಕೊಟ್ಟವರಿಗೆ ಗೊತ್ತು.

ಹಾಗೆಂದು ಇದನ್ನು ಪ್ರಾಚೀನ ಪ್ರಜಾಪ್ರಭುತ್ವವೆಂದು ಕೊಂಡಾಡುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅಗ್ರಹಾರದ ಮಹಾಜನರು ಬ್ರಾಹ್ಮಣರು, ನಗರದ ಪಟ್ಟಣಸ್ವಾಮಿ ಸಿರಿವಂತ ವರ್ತಕ, ಗಾವುಂಡ ಭೂಮಿಯುಳ್ಳವನು. ಕೆರೆಯ ಮಣ್ಣು ಹೊತ್ತವರ ಹೆಸರು ದಾನಶಾಸನಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ತುರುಗಾಳಗದಲ್ಲಿ ಸತ್ತರೆ ಮಾತ್ರ ಬಡವನಿಗೂ ಒಂದು ವೀರಗಲ್ಲು ದಕ್ಕುತ್ತಿತ್ತು.

ಈ ಏರ್ಪಾಡಿನ ಗಟ್ಟಿತನ ಮಾತ್ರ ಸುಳ್ಳಲ್ಲ. 973ರಲ್ಲಿ ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನು ಉರುಳಿಸಿದ. ಬನವಾಸಿ ಹನ್ನೆರಡು ಸಾಸಿರವಾಗಿಯೇ ಉಳಿಯಿತು, ಅದರ ರಾಜಧಾನಿ ಬಳ್ಳಿಗಾವೆ ಇನ್ನಷ್ಟು ಬೆಳೆಯಿತು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಯೆಂಬ ಸುಂಕಗಳನ್ನು ನೋಡಿಕೊಳ್ಳಲು ಕಲ್ಯಾಣದ ಅರಸರು ತಮ್ಮವೇ ಅಧಿಕಾರಿಗಳನ್ನು ನೇಮಿಸಿದರೇ ಹೊರತು ನಾಡಿನ ಎಲ್ಲೆಗಳನ್ನು ಅಳಿಸಿ ಬರೆಯಲಿಲ್ಲ. ಕಲಚುರಿ ಬಿಜ್ಜಳ ಬಂದ, ಹೊಯ್ಸಳರೂ ಸೇವುಣರೂ ಕಾದಾಡಿದರು. ಗೆದ್ದವರೆಲ್ಲ ಹಳೆಯ ಎಣಿಕೆಯನ್ನೇ ತಮ್ಮ ಶಾಸನಗಳಲ್ಲಿ ಬರೆಸಿದರು. ಹೊಸದಾಗಿ ಅಳೆಯುವುದಕ್ಕಿಂತ ಇದ್ದ ಗಾವುಂಡನಿಂದ ಇದ್ದ ತೆರಿಗೆ ಪಡೆಯುವುದು ಅಗ್ಗ.

ವಿಜಯನಗರದ ಕಾಲಕ್ಕೆ ರಾಜ್ಯ, ಸೀಮೆ, ಸ್ಥಳಗಳೆಂಬ ವಿಭಾಗಗಳು ಮೇಲೆದ್ದು ಸಾಸಿರಗಳ ಎಣಿಕೆ ಮಸುಕಾಯಿತು. ಗಾವುಂಡ ಗೌಡನಾಗಿ, ಸೇನಬೋವ ಶಾನುಭೋಗನಾಗಿ ತಲೆಮಾರಿನಿಂದ ತಲೆಮಾರಿಗೆ ಸಾಗಿದರು. ಟಿಪ್ಪುವಿನ ಅಮಲ್ದಾರರೂ ಬ್ರಿಟಿಷ್ ಕಮಿಷನರರೂ ಅವರ ಮೂಲಕವೇ ಕಂದಾಯ ಎತ್ತಿದರು. ಆ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಲು ಮೈಸೂರು ರಾಜ್ಯ 1961ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.