ದೂರದ ಗಡಿಯಾರದ ಪ್ರತ್ಯುತ್ತರ

ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಡೀಲ್ ಎಂಬ ಪಟ್ಟಣದಲ್ಲಿ, ಕಡಲಿಗೆ ಎದುರಾಗಿ, ನಾಲ್ಕು ಅಂತಸ್ತಿನ ಒಂದು ಗೋಪುರವಿದೆ. ಅದರ ನೆತ್ತಿಯ ಮೇಲೆ ನೆಟ್ಟ ಕಂಬದ ತುದಿಗೆ ಒಂದು ದೊಡ್ಡ ಗೋಲವನ್ನು ಏರಿಸಿ ನಿಲ್ಲಿಸುವುದೂ, ಮಧ್ಯಾಹ್ನದ ಒಂದು ಗಂಟೆಗೆ ಸರಿಯಾಗಿ ಆ ಗೋಲವು ಜಾರಿ ಕೆಳಕ್ಕೆ ಬೀಳುವುದೂ 1855ರಿಂದ ಮೊದಲ್ಗೊಂಡು ಅಲ್ಲಿನ ನಿತ್ಯವಿಧಿಯಾಯಿತು. ಅನುಕೂಲವಾದ ಗಾಳಿಗಾಗಿ ಲಂಗರು ಹಾಕಿ ಕಾದು ನಿಂತ ಹಡಗುಗಳ ನಾವಿಕರು ದುರ್ಬೀನು ಹಿಡಿದು ಆ ಕ್ಷಣವನ್ನು ನಿರೀಕ್ಷಿಸುತ್ತಿದ್ದರು. ಗೋಲವು ಕದಲಿದೊಡನೆ ತಮ್ಮ ಕ್ರೊನೋಮೀಟರಿನ ದೋಷವನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಭೂಮಧ್ಯರೇಖೆಯ ಮೇಲೆ ಗಡಿಯಾರದ ನಾಲ್ಕು ಸೆಕೆಂಡುಗಳ ತಪ್ಪು ಹಡಗಿನ ಸ್ಥಾನನಿರ್ಣಯದಲ್ಲಿ ಒಂದು ನಾವಿಕ ಮೈಲಿಯ ತಪ್ಪಾಗಿ ಪರಿಣಮಿಸುವುದೆಂಬುದನ್ನು ನೆನೆದರೆ, ನೂರಾರು ಜೀವಗಳನ್ನು ಹೊತ್ತ ಹಡಗಿನ ಕಪ್ತಾನನು ಒಂದು ಗೋಲದ ಪತನಕ್ಕಾಗಿ ಹಾಗೆ ಕಣ್ಣು ನೆಟ್ಟು ನಿಲ್ಲುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಗೋಲವನ್ನು ಬೀಳಿಸುತ್ತಿದ್ದವರು ಡೀಲ್ ಪಟ್ಟಣದವರಲ್ಲ. ಲಂಡನ್ನಿನ ಬಳಿಯ ಗ್ರೀನಿಚ್ ವೇಧಶಾಲೆಯ ಗಡಿಯಾರವು, ಯಾವ ಮನುಷ್ಯನ ಕೈಯ ಸಹಾಯವೂ ಇಲ್ಲದೆ, ತಂತಿಯ ಮೂಲಕ ಕಳುಹಿಸಿದ ವಿದ್ಯುತ್ಸಂಕೇತವೇ ಅದನ್ನು ಬೀಳಿಸುತ್ತಿತ್ತು. ವೇಧಶಾಲೆಯ ತನ್ನದೇ ಗೋಲವು 1833ರಿಂದಲೂ ಬೀಳುತ್ತಿದ್ದಿತಾದರೂ, ಅದನ್ನು ಕಾಣಬಲ್ಲವರಿಗೆ ಮಾತ್ರ ಅದರ ಪ್ರಯೋಜನ. 1852ರಲ್ಲಿ ಚಾರ್ಲ್ಸ್ ಶೆಪರ್ಡ್ ನಿರ್ಮಿಸಿದ ವಿದ್ಯುತ್ ಗಡಿಯಾರವು ಗ್ರೀನಿಚ್ಚಿನಲ್ಲಿ ಸ್ಥಾಪಿತವಾದ ಮೇಲೆ, ಒಂದು ಯಜಮಾನ ಗಡಿಯಾರವೂ ಅದರ ಮಾತನ್ನು ಶಿರಸಾವಹಿಸುವ ಅನೇಕ ಅಧೀನ ಗಡಿಯಾರಗಳೂ ಎಂಬ ವ್ಯವಸ್ಥೆ ತಂತಿಗಳ ದಾರಿ ಹಿಡಿದು ಊರೂರಿಗೆ ಹಬ್ಬಿತು. ವೇಧಶಾಲೆಯ ಅಂದಿನ ಮುಖ್ಯಸ್ಥನಾದ ಜಾರ್ಜ್ ಏರಿಯು ಡೀಲಿನ ಏರ್ಪಾಡಿಗೆ ಮತ್ತೊಂದು ಅಂಗವನ್ನು ಕೂಡಿಸಿದನು. ಅಲ್ಲಿ ಗೋಲವು ಬಿದ್ದಿತೆಂಬುದಕ್ಕೆ ಪ್ರಮಾಣವಾಗಿ ಒಂದು ಮರುಸಂಕೇತವು ತಾನೇ ತಾನಾಗಿ ಗ್ರೀನಿಚ್ಚಿಗೆ ಹಿಂದಿರುಗಿ ಬರುತ್ತಿದ್ದಿತು. ಆಜ್ಞೆಯನ್ನು ಕಳುಹಿಸುವುದು ದೊಡ್ಡ ಸಾಧನೆಯೇ ಸರಿ. ಆದರೆ ಆಜ್ಞೆ ನೆರವೇರಿತೇ ಎಂದು ಕೇಳಿ ತಿಳಿಯುವ ಈ ಜಾಗರೂಕತೆಯೇ ಅದಕ್ಕಿಂತ ದೊಡ್ಡ ಸಾಧನೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ದೂರದ ಯಂತ್ರವನ್ನು ತಿದ್ದುವ ಕಸುಬಿನ ಮುಂದಿನ ಚರಿತ್ರೆಯೆಲ್ಲ ಈ ಪ್ರತ್ಯುತ್ತರದ ಚರಿತ್ರೆಯೇ ಆಗಿದೆ.

ತಂತಿ ಬಂದ ಮಾತ್ರಕ್ಕೆ ಹಳೆಯ ಕ್ರಮ ಅಳಿಯಲಿಲ್ಲ. ಗ್ರೀನಿಚ್ಚಿನಲ್ಲಿ ಸಹಾಯಕನಾಗಿದ್ದ ಜಾನ್ ಹೆನ್ರಿ ಬೆಲ್‌ವಿಲ್ ಎಂಬುವನು 1836ರಿಂದ ಒಂದು ಕ್ರೊನೋಮೀಟರನ್ನು ವೇಧಶಾಲೆಯಲ್ಲಿ ಸರಿಪಡಿಸಿಕೊಂಡು, ಲಂಡನ್ನಿನ ಗಡಿಯಾರ ವ್ಯಾಪಾರಿಗಳ ಅಂಗಡಿಗಳಿಗೆ ಒಯ್ದು ತೋರಿಸುವ ಪದ್ಧತಿಯನ್ನು ಪ್ರಾರಂಭಿಸಿದನು. ಅವನ ಅನಂತರ ಅವನ ವಿಧವೆಯೂ, ಆಕೆಯ ಅನಂತರ ಮಗಳಾದ ರೂತ್ ಬೆಲ್‌ವಿಲ್ಲಳೂ ಅದೇ ಗಡಿಯಾರವನ್ನು ಕೈಚೀಲದಲ್ಲಿಟ್ಟುಕೊಂಡು ಬೀದಿಬೀದಿ ನಡೆದರು. ಜಾನ್ ಆರ್ನಾಲ್ಡ್ ಎಂಬ ಕುಶಲಕರ್ಮಿ ರಚಿಸಿದ ಆ ಗಡಿಯಾರವನ್ನು ರೂತಳು ‘ಆರ್ನಾಲ್ಡ್’ ಎಂದೇ ಕರೆಯುತ್ತಿದ್ದಳು. ರೇಡಿಯೋ ಬಂದು ವರ್ಷಗಳಾದ ಮೇಲೂ, 1940ರವರೆಗೂ, ಆಕೆಗೆ ಗಿರಾಕಿಗಳಿದ್ದರು. ಎದುರಿಗೆ ನಿಂತು ಕಾಲವನ್ನು ಹೇಳುವವಳಿಗೆ, ಕೇಳಿದವನು ತನ್ನ ಮುಳ್ಳನ್ನು ತಿರುಗಿಸಿದನೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಭರವಸೆಗೆ ಬೆಲೆ ಕೊಡುವವರು ಅಷ್ಟು ಕಾಲ ಉಳಿದಿದ್ದರು.

ನಮ್ಮ ದೇಶದಲ್ಲಿ ಈ ಯಜಮಾನಿಕೆ ಮದರಾಸಿನ ವೇಧಶಾಲೆಗೆ ಸಂದಿತು. ಈಸ್ಟ್ ಇಂಡಿಯಾ ಕಂಪನಿಯು 1792ರಲ್ಲಿ ಕಟ್ಟಿಸಿದ ಆ ವೇಧಶಾಲೆಯ ಕಾಲವನ್ನೇ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದ ತಂತಿ ಇಲಾಖೆಯೂ ರೈಲ್ವೆಗಳೂ ಅಂಗೀಕರಿಸಿದುವು. ಗ್ರೀನಿಚ್ಚಿಗಿಂತ ಐದು ಗಂಟೆ ಇಪ್ಪತ್ತೊಂದು ನಿಮಿಷ ಮುಂದಿದ್ದ ಈ ಮದರಾಸಿನ ಕಾಲಕ್ಕೂ ಬೆಂಗಳೂರಿನ ನೆತ್ತಿಯ ಸೂರ್ಯನಿಗೂ ಹತ್ತೂವರೆ ನಿಮಿಷಗಳಷ್ಟು ಅಂತರವಿದ್ದಿತು; ಊರಿನ ಮಧ್ಯಾಹ್ನವೇ ಬೇರೆ, ನಿಲ್ದಾಣದ ಮಧ್ಯಾಹ್ನವೇ ಬೇರೆ ಎಂಬ ದ್ವಂದ್ವದಲ್ಲಿ ಒಂದು ತಲೆಮಾರು ಬಾಳಿತು. 1906ರ ಜನವರಿ 1ರಿಂದ, ಎಂಬತ್ತೆರಡೂವರೆ ಡಿಗ್ರಿಯ ಪೂರ್ವರೇಖಾಂಶವನ್ನು ಆಧರಿಸಿ, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ಕಾಲಮಾನವು ಜಾರಿಗೆ ಬಂದಿತು. ಮುಂಬಯಿ ಕಲ್ಕತ್ತಗಳು ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ತಮ್ಮ ಸ್ಥಳೀಯ ಕಾಲವನ್ನು ಬಿಟ್ಟುಕೊಡಲಿಲ್ಲ.

ಆಕಾಶವಾಣಿಯ ಯುಗದಲ್ಲಿ ಆಜ್ಞೆಯ ಹರಹು ಅಪಾರವಾಯಿತು, ಪ್ರತ್ಯುತ್ತರ ಮಾತ್ರ ಲೋಪವಾಯಿತು. 1924ರ ಫೆಬ್ರವರಿ 5ರಂದು ಬಿ.ಬಿ.ಸಿ.ಯು ಗ್ರೀನಿಚ್ಚಿನ ಆರು ಸಂಕೇತಧ್ವನಿಗಳನ್ನು ಮೊದಲು ಪ್ರಸಾರ ಮಾಡಿತು. ಫ್ರ್ಯಾಂಕ್ ಹೋಪ್-ಜೋನ್ಸ್ ಎಂಬ ಗಡಿಯಾರತಜ್ಞನ ಸಲಹೆಯೂ, ಅಂದಿನ ರಾಜಖಗೋಳಜ್ಞನಾಗಿದ್ದ ಫ್ರ್ಯಾಂಕ್ ಡೈಸನ್ನನ ಬೆಂಬಲವೂ ಅದರ ಹಿಂದಿದ್ದುವು. ನಮ್ಮಲ್ಲಿಯೂ ವಾರ್ತೆಗೆ ಮುನ್ನ ಕೇಳಿಬರುವ ಆ ಸಣ್ಣ ಸದ್ದಿಗೆ ಕೈಗಡಿಯಾರದ ಕೀಲಿಯನ್ನು ಎಳೆದು ಹಿಡಿದು ಕುಳಿತವರ ಮನೆ ಕನ್ನಡ ನಾಡಿನಲ್ಲಿ ಯಾವುದಿರಲಿಲ್ಲ? ಆದರೆ ಪ್ರಸಾರಕೇಂದ್ರಕ್ಕೆ ಯಾರು ಕೇಳಿದರು, ಯಾರು ತಿದ್ದಿಕೊಂಡರು ಎಂಬುದು ತಿಳಿಯದು.

ದೃಶ್ಯಶ್ರವ್ಯ ಉಪಕರಣಗಳ ಲೋಕಕ್ಕೆ ಇಂಥ ಅನಿಶ್ಚಯ ಸಲ್ಲುವುದಿಲ್ಲ. ದೂರದರ್ಶನದ ಸ್ಟುಡಿಯೋದಲ್ಲಿ ಮೂರು ಕ್ಯಾಮೆರಾಗಳಿದ್ದರೆ, ಮೂರೂ ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳನ್ನು ಒಂದೇ ತಾಳದಲ್ಲಿ ಹಿಡಿಯಬೇಕು. ಇಲ್ಲವಾದರೆ ಒಂದರಿಂದ ಮತ್ತೊಂದಕ್ಕೆ ದಾಟುವಾಗ ಪರದೆಯ ಮೇಲಿನ ಚಿತ್ರ ನಡುಗಿ ಉರುಳುತ್ತದೆ. ಅದಕ್ಕಾಗಿಯೇ ಒಂದು ಮೂಲಸಂಕೇತವನ್ನು ಎಲ್ಲ ಯಂತ್ರಗಳಿಗೂ ಹಂಚುವ ಕ್ರಮ ಬಂದಿತು. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಟೈಮ್‌ಕೋಡ್ ಎಂಬ ವಿಧಾನವು ಟೇಪಿನ ಮೇಲಿನ ಪ್ರತಿಯೊಂದು ಚಿತ್ರಕ್ಕೂ ಗಂಟೆ, ನಿಮಿಷ, ಸೆಕೆಂಡುಗಳ ಅಂಕಿತವನ್ನಿತ್ತಿತು. 1960ರಲ್ಲಿಯೇ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವು ಗೊತ್ತುಮಾಡಿದ್ದ ಆರ್‌ಎಸ್-232 ಎಂಬ ಸೀರಿಯಲ್ ಕೇಬಲ್ಲಿನ ಮಾನಕವು, ಮುಂದೆ ಸಭಾಂಗಣಗಳ ಪ್ರೊಜೆಕ್ಟರುಗಳಿಗೂ ಧ್ವನಿಮಿಶ್ರಕಗಳಿಗೂ ಆಜ್ಞೆ ಕೊಡುವ ರಾಜಮಾರ್ಗವಾಯಿತು. ಒಂದು ಸಾಲಿನ ಅಕ್ಷರಗಳನ್ನು ಕಳುಹಿಸಿದರೆ ಯಂತ್ರವು ‘ಓಕೆ’ ಎಂದೋ ದೋಷಸಂಖ್ಯೆಯೊಂದನ್ನೋ ಮರಳಿ ನುಡಿಯುವ ಪದ್ಧತಿ ಬಂದು, ಏರಿಯ ಮರುಸಂಕೇತವು ಪುನಃ ಜೀವ ತಳೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಜಪಾನಿನ ತಯಾರಕರು ಕೂಡಿ ಪ್ರೊಜೆಕ್ಟರುಗಳಿಗೆಲ್ಲ ಪಿಜೆಲಿಂಕ್ ಎಂಬ ಒಂದೇ ಭಾಷೆಯನ್ನು ಗೊತ್ತುಪಡಿಸಿದರಾದರೂ, ದೀಪ ಹೊತ್ತಿಸುವುದು, ಇನ್‌ಪುಟ್ ಬದಲಿಸುವುದು ಮುಂತಾದುವಕ್ಕೆ ಅದರಲ್ಲಿ ಪದಗಳಿವೆಯೇ ಹೊರತು, ಗಡಿಯಾರ ತಿದ್ದುವುದಕ್ಕೂ ವಿಳಾಸ ಬದಲಿಸುವುದಕ್ಕೂ ಇಂದಿಗೂ ಆಯಾ ತಯಾರಕರ ಆಡುಮಾತನ್ನೇ ಕಲಿಯಬೇಕು.

ಗಡಿಯಾರದ ಪಾಲಿಗೆ ಪ್ರತ್ಯುತ್ತರದ ನಿಜವಾದ ಮಹತ್ತ್ವವನ್ನು ಕಂಡುಕೊಂಡವರು ಅಮೆರಿಕದ ಡೇವಿಡ್ ಮಿಲ್ಸ್. 1985ರಲ್ಲಿ ಅವರು ಪ್ರಕಟಿಸಿದ ಎನ್‌ಟಿಪಿ ಎಂಬ ನಿಯಮಾವಳಿಯಲ್ಲಿ, ಕಾಲವನ್ನು ಕೇಳುವ ಯಂತ್ರವು ತಾನು ಪ್ರಶ್ನೆ ಕಳುಹಿಸಿದ ಗಳಿಗೆಯನ್ನು ಬರೆದಿಡುತ್ತದೆ. ಹೇಳುವ ಯಂತ್ರವು ಪ್ರಶ್ನೆ ತಲಪಿದ ಗಳಿಗೆಯನ್ನೂ ಉತ್ತರ ಹೊರಟ ಗಳಿಗೆಯನ್ನೂ ನಮೂದಿಸುತ್ತದೆ. ಉತ್ತರ ಕೈಸೇರಿದ ಗಳಿಗೆ ನಾಲ್ಕನೆಯದು. ಈ ನಾಲ್ಕರಿಂದ ಪ್ರಯಾಣದಲ್ಲಿ ಕಳೆದ ಕಾಲವೆಷ್ಟು, ತನ್ನ ಗಡಿಯಾರದ ತಪ್ಪೆಷ್ಟು ಎಂಬೆರಡನ್ನೂ, ಹೋಗುವ ದಾರಿ ಬರುವ ದಾರಿಗಳು ಸಮವೆಂದು ಭಾವಿಸಿ, ಎಣಿಸಬಹುದು. ಡೀಲಿನ ಗೋಲ ಬಿದ್ದಿತೆಂದು ಮಾತ್ರ ಸಾರುತ್ತಿದ್ದ ಮರುಸಂಕೇತವು ಇಲ್ಲಿ ಅಳತೆಯ ಸಾಧನವೇ ಆಯಿತು. ಹುಟ್ಟಿನಿಂದಲೂ ದೃಷ್ಟಿಮಾಂದ್ಯದಿಂದ ಬಳಲಿ, ಕೊನೆಗೆ ಕಣ್ಣನ್ನೇ ಕಳೆದುಕೊಂಡ ಮಿಲ್ಸ್ ಜಗತ್ತಿನ ಗಡಿಯಾರಗಳನ್ನು ದಶಕಗಳ ಕಾಲ ತಿದ್ದಿ 2024ರ ಜನವರಿಯಲ್ಲಿ ತೀರಿಕೊಂಡರು. 2002ರ ಪಿಟಿಪಿ ಎಂಬ ಇನ್ನೂ ಸೂಕ್ಷ್ಮವಾದ ನಿಯಮವು ಇದೇ ತತ್ತ್ವವನ್ನು ಮೈಕ್ರೋಸೆಕೆಂಡಿಗಿಂತ ಕೆಳಗಿನ ನಿಖರತೆಗೆ ಒಯ್ದಿತು. ಸ್ಟುಡಿಯೋಗಳು ಈಗ ಅದನ್ನು ಅವಲಂಬಿಸಿವೆ.

ಈಗ ಒಂದು ವಿಡಿಯೋ ಸಮಾಲೋಚನಾ ಯಂತ್ರವನ್ನು ದೂರದಿಂದ ಅಣಿಗೊಳಿಸುವವನ ಕೆಲಸವನ್ನು ಹತ್ತಿರದಿಂದ ನೋಡೋಣ. ನಾರ್ವೆಯಲ್ಲಿ 1933ರಲ್ಲಿ ರೇಡಿಯೋ ಕಾರ್ಖಾನೆಯಾಗಿ ಹುಟ್ಟಿದ ಟ್ಯಾಂಡ್‌ಬರ್ಗ್ ಎಂಬ ಹೆಸರು ಕಾಲಾಂತರದಲ್ಲಿ ಇಂಥ ಯಂತ್ರಗಳಿಗೆ ಖ್ಯಾತವಾಗಿ, 2010ರಲ್ಲಿ ಸಿಸ್ಕೊ ಸಂಸ್ಥೆಯೊಳಗೆ ಸೇರಿತು. ಆ ಪರಂಪರೆಯ ಯಂತ್ರಗಳಲ್ಲಿ ಮೂರು ಬಗೆಯ ಮಾತುಗಳಿವೆ: ಎಕ್ಸ್‌ಕಾನ್ಫಿಗರೇಷನ್ ಎಂಬುದು ನೆಲೆನಿಲ್ಲುವ ಏರ್ಪಾಡಿಗೆ, ಎಕ್ಸ್‌ಕಮಾಂಡ್ ಎಂಬುದು ಆಗಿಂದಾಗ್ಗಿನ ಕೆಲಸಕ್ಕೆ, ಎಕ್ಸ್‌ಸ್ಟೇಟಸ್ ಎಂಬುದು ಸ್ಥಿತಿಯನ್ನು ವಿಚಾರಿಸುವುದಕ್ಕೆ. ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಹೆಸರುಗಳನ್ನು ಬಿಡಿಸಿ ಹೇಳುವ ಡಿಎನ್‌ಎಸ್ ಸರ್ವರ್ ಇವು ಮೊದಲು. ಎನ್‌ಟಿಪಿ ಸರ್ವರ್ ಅನಂತರ. ಏಷ್ಯಾ/ಕೋಲ್ಕತಾ ಎಂಬ ಕಾಲವಲಯವು ಅದರ ತರುವಾಯ. ಸ್ಥಳೀಯ ಕಾಲವನ್ನು ಅಷ್ಟು ದಿನ ಹಿಡಿದಿಟ್ಟುಕೊಂಡಿದ್ದ ನಗರದ ಹೆಸರೇ ಇಂದು ಅಖಿಲ ಭಾರತದ ಕಾಲಕ್ಕೆ ಗುರುತಾಗಿದೆ. ಈ ಅನುಕ್ರಮವು ಸುಮ್ಮನೆ ಬಂದುದಲ್ಲ. ಒಳಗಿನ ಬ್ಯಾಟರಿ ಸತ್ತ ಯಂತ್ರವು ಎಷ್ಟೋ ಬಾರಿ 1970ರ ಜನವರಿ 1ರಂದು ಕಣ್ಣು ತೆರೆಯುತ್ತದೆ; ಆಗ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರಗಳೆಲ್ಲ ಅದರ ದೃಷ್ಟಿಯಲ್ಲಿ ಇನ್ನೂ ಹುಟ್ಟದ ದಿನಾಂಕದವಾದುದರಿಂದ, ಸಕ್ರಮವಾದ ಸರ್ವರನ್ನೂ ಅದು ನಂಬಲೊಲ್ಲದು. ಕಾಲವನ್ನು ಕೇಳೋಣವೆಂದರೆ ಸರ್ವರಿನ ಹೆಸರನ್ನು ಬಿಡಿಸಬೇಕು. ಹೆಸರನ್ನು ಬಿಡಿಸಬೇಕಾದರೆ ನೆಟ್‌ವರ್ಕ್ ನೆಟ್ಟಗಿರಬೇಕು. ಗೋಲ ಬೀಳುವ ಮುನ್ನ ತಂತಿ ಎಳೆಯಬೇಕಾಗಿದ್ದ ಕಾಲಕ್ಕೂ ಈ ಕಾಲಕ್ಕೂ ಈ ವಿಷಯದಲ್ಲಿ ಭೇದವಿಲ್ಲ.

ಇಲ್ಲಿ ಅತ್ಯಂತ ಅಪಾಯದ ಘಟ್ಟವೆಂದರೆ ವಿಳಾಸವನ್ನು ಬದಲಿಸುವುದು. ಯಾವ ವಿಳಾಸದ ಮೂಲಕ ಯಂತ್ರದೊಡನೆ ಮಾತನಾಡುತ್ತಿರುವೆವೋ ಅದನ್ನೇ ತೆಗೆದು ಬೇರೊಂದನ್ನು ಇಡುವುದು, ಕುಳಿತ ಕೊಂಬೆಯನ್ನೇ ಕಡಿದಂತೆ. ಹೊಸ ವಿಳಾಸವು ಜಾರಿಗೆ ಬಂದೊಡನೆ ಹಳೆಯ ಸಂಪರ್ಕ ಕಡಿದುಹೋಗಿ, ಬರಬೇಕಾದ ಉತ್ತರ ಬರುವುದಿಲ್ಲ. ಗೇಟ್‌ವೇಯಲ್ಲಿ ಒಂದು ಅಂಕಿ ತಪ್ಪಿದ್ದರೂ ಆ ಯಂತ್ರವು ದೂರದವನ ಪಾಲಿಗೆ ಮೌನವಾಗಿಬಿಡುತ್ತದೆ. ಆಮೇಲೆ ಯಾರಾದರೊಬ್ಬರು ಕೇಬಲ್ ಹಿಡಿದು ಅಲ್ಲಿಗೇ ಹೋಗಿ, ಏಣಿ ಹತ್ತಿ, ಅದರ ಬೆನ್ನಿಗೆ ಚುಚ್ಚಬೇಕು. ನುರಿತವರು ಆದುದರಿಂದಲೇ ಹಳೆಯ ಸೀರಿಯಲ್ ತಂತಿಯನ್ನೋ ಮತ್ತಾವುದಾದರೂ ಎರಡನೆಯ ದಾರಿಯನ್ನೋ ಉಳಿಸಿಕೊಂಡು ಈ ಕೆಲಸಕ್ಕೆ ಕೈಹಾಕುತ್ತಾರೆ. ಹೊಸ ವಿಳಾಸದಲ್ಲಿ ಮರಳಿ ಸಂಪರ್ಕಿಸಿ, ‘ಓಕೆ’ ಎಂಬುದರಿಂದಲೇ ತೃಪ್ತರಾಗದೆ, ಗಡಿಯಾರವು ನಿಜವಾಗಿ ಯಾರನ್ನು ಅನುಸರಿಸುತ್ತಿದೆಯೆಂದು ವಿಚಾರಿಸುತ್ತಾರೆ. ಇದನ್ನು ಅತಿಯಾದ ಎಚ್ಚರಿಕೆಯೆನ್ನುವವರಿಗೆ ಈ ಕಸುಬಿನ ಮರ್ಮ ತಿಳಿದಿಲ್ಲ. ಯಂತ್ರವು ಆಜ್ಞೆಯನ್ನು ಸ್ವೀಕರಿಸುವುದು ಬೇರೆ, ನೆರವೇರಿಸುವುದು ಬೇರೆ.

ಎನ್‌ಟಿಪಿಯ ಮೂಲ ಎಣಿಕೆಯು 1900ರ ಜನವರಿ 1ರಿಂದ ಮೂವತ್ತೆರಡು ದ್ವಿಮಾನ ಅಂಕಿಗಳಲ್ಲಿ ಸೆಕೆಂಡುಗಳನ್ನು ಲೆಕ್ಕಹಾಕುತ್ತದೆ. ಆ ಅಂಕಿಗಳು 2036ರ ಫೆಬ್ರವರಿ 7ರಂದು ತುಂಬಿ ಸೊನ್ನೆಗೆ ಮರಳುತ್ತವೆ. ನಮ್ಮ ಕಾಲೇಜುಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಸಭಾಭವನಗಳಲ್ಲಿಯೂ ಇಂದು ಗೋಡೆಗೇರುತ್ತಿರುವ ಯಂತ್ರಗಳಲ್ಲಿ ಕೆಲವಾದರೂ ಆ ದಿನದವರೆಗೆ ಉಳಿಯುವುವು. ಅವನ್ನು ಕೂಡಿಸುವವರು ಆ ದಿನವನ್ನು ಯಂತ್ರವು ಹೇಗೆ ದಾಟುವುದೆಂದು ತಯಾರಕರನ್ನು ಇಂದೇ ಕೇಳಿ, ಬಂದ ಉತ್ತರವನ್ನು ಯಂತ್ರದ ವಿಳಾಸದೊಡನೆ ಕಡತದಲ್ಲಿ ಬರೆದಿಡಬೇಕೆಂದು ನನ್ನ ಪ್ರಾರ್ಥನೆ.