ಹೊಲಿಗೆಯೊಳಗಿನ ಕಥೆ: ಅನಿಶಿನಾಬೆ ಉಡುಪು ವಿನ್ಯಾಸ ನಡೆದುಬಂದ ದಾರಿ

ಸುಪೀರಿಯರ್, ಹ್ಯೂರಾನ್, ಮಿಶಿಗನ್ ಮೊದಲಾದ ಮಹಾ ಸರೋವರಗಳ ಸುತ್ತ, ಕೆನಡಾ ಮತ್ತು ಅಮೆರಿಕದ ಗಡಿಯ ಎರಡೂ ಬದಿಗೆ ಹರಡಿಕೊಂಡಿರುವ ಒಜಿಬ್ವೆ, ಒಡಾವಾ, ಪೊಟವಾಟಮಿ ಮುಂತಾದ ಬಂಧು ಸಮುದಾಯಗಳಿಗೆ ಅನಿಶಿನಾಬೆ ಎಂಬುದು ಒಟ್ಟು ಹೆಸರು. ಇತ್ತೀಚಿನ ವರ್ಷಗಳಲ್ಲಿ ಇವರ ವಿನ್ಯಾಸಕರ ಉಡುಪುಗಳು ದೊಡ್ಡ ನಗರಗಳ ಫ್ಯಾಷನ್ ವೇದಿಕೆಗಳಿಗೆ ಬಂದ ಮೇಲೆ, ಅವುಗಳ ಬಗ್ಗೆ ಬರೆಯುವವರೆಲ್ಲ ತಪ್ಪದೆ ಹೇಳುವ ಮಾತೊಂದಿದೆ: ಇವು ಪುರಾಣಕಥೆಗಳಿಂದ ಪ್ರೇರಣೆ ಪಡೆದ ಬಟ್ಟೆಗಳು. ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಏನನ್ನೂ ಹೇಳಿದಂತಾಗುವುದಿಲ್ಲ. ಗುಡುಗುಹಕ್ಕಿಯ ಚಿತ್ರವನ್ನು ಜಾಕೆಟ್ಟಿನ ಬೆನ್ನಿಗೆ ಅಚ್ಚೊತ್ತುವುದು ಯಾರಿಂದಲೂ ಆಗುವ ಕೆಲಸ. ಆ ಕಥೆಗೂ ತಮಗೂ ಯಾವ ಸಂಬಂಧವೂ ಇಲ್ಲದ ಕಂಪನಿಗಳು ಅದನ್ನು ಬಹುಕಾಲದಿಂದ ಮಾಡಿಕೊಂಡೇ ಬಂದಿವೆ. ಕಥೆಯಲ್ಲಿ ಎಷ್ಟನ್ನು ತೋರಿಸಬೇಕು, ಎಷ್ಟನ್ನು ಒಳಗೇ ಇಟ್ಟುಕೊಳ್ಳಬೇಕು, ಅದನ್ನು ತೀರ್ಮಾನಿಸುವ ಹಕ್ಕು ಯಾರದು ಎಂಬ ಪ್ರಶ್ನೆಗಳ ಸುತ್ತಲೇ ಈ ವಿನ್ಯಾಸ ಪರಂಪರೆ ಬೆಳೆದಿದೆ ಎಂಬುದು ನನ್ನ ವಾದ.

ಕಥೆಗಳ ಸ್ವಭಾವದಿಂದಲೇ ಶುರುಮಾಡಬೇಕು. ಅನಿಶಿನಾಬೆ ಸಂಪ್ರದಾಯದಲ್ಲಿ ಪವಿತ್ರ ಕಥೆಗಳನ್ನು ಹೇಳುವುದಕ್ಕೆ ಕಾಲ ಗೊತ್ತುಮಾಡಲಾಗಿದೆ. ನೆಲದ ಮೇಲೆ ಹಿಮ ಬಿದ್ದಿರಬೇಕು. ತುಂಟನೂ ಗುರುವೂ ಆದ ನಾನಬೋಝೋ, ಪ್ರಳಯದ ನೀರಿನ ತಳದಿಂದ ಅಂಗೈಯಷ್ಟು ಮಣ್ಣು ತಂದು ಪ್ರಾಣ ಬಿಟ್ಟ ಮಸ್ಕ್‌ರ್ಯಾಟ್ ಎಂಬ ಪುಟ್ಟ ಜಲಪ್ರಾಣಿ, ಆ ಮಣ್ಣಿಗೆ ಬೆನ್ನು ಕೊಟ್ಟ ಆಮೆ, ಆಕಾಶವನ್ನು ಆಳುವ ಗುಡುಗುಹಕ್ಕಿಗಳು, ಸರೋವರದ ಆಳದಲ್ಲಿರುವ ಕೊಂಬಿನ ಚಿರತೆ ಮಿಶಿಪೆಶು, ಇವರೆಲ್ಲ ಚಳಿಗಾಲದ ರಾತ್ರಿಗಳಿಗೆ ಸೇರಿದವರು. ಬೇಸಿಗೆಗೊಂದು ಚಳಿಗೊಂದು ಎಂದು ಹೊಸ ಸಂಗ್ರಹ ಕೇಳುವ ಫ್ಯಾಷನ್ ಉದ್ಯಮಕ್ಕೂ ಋತುಗಳಿವೆ ನಿಜ, ಆದರೆ ಅವು ಮಾರಾಟದ ಋತುಗಳು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಕಥೆ ಬಾಯಿಮಾತಿನಲ್ಲಿ ಮಾತ್ರ ಇರಲಿಲ್ಲ, ವಸ್ತುಗಳಲ್ಲೂ ಇತ್ತು. ಗುಡುಗುಹಕ್ಕಿಗಳ ಸಿಟ್ಟಿಗೆ ಗುರಿಯಾದ ನಾನಬೋಝೋ ಟೊಳ್ಳಾದ ಬರ್ಚ್ ಮರದೊಳಗೆ ಅಡಗಿ ಬದುಕಿಕೊಂಡನಂತೆ. ಬಿಳಿ ತೊಗಟೆಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಕಾಣುವ ಕಪ್ಪು ಗುರುತುಗಳು ಆ ಪ್ರಸಂಗದವು. ಹೀಗಿರುವಾಗ ಆ ತೊಗಟೆಯಿಂದ ಪೆಟ್ಟಿಗೆ ಮಾಡಿ, ಮುಳ್ಳುಹಂದಿಯ ಮುಳ್ಳುಗಳಿಗೆ ಬಣ್ಣ ಕಟ್ಟಿ, ನೆನೆಸಿ, ಮೆತ್ತಗಾದ ಮೇಲೆ ತೂತಿನೊಳಗೆ ತೂರಿಸಿ ಚಿತ್ತಾರ ಬಿಡಿಸುವ ಹೆಂಗಸು ಕಥೆಯನ್ನು ಪ್ರತ್ಯೇಕವಾಗಿ ಚಿತ್ರಿಸಬೇಕಾಗಿರಲಿಲ್ಲ. ಅದು ಕೈಯಲ್ಲೇ ಇತ್ತು.

ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ, ನಾರಿನಿಂದ ಹೆಣೆದ ಚೀಲಗಳು ಹಲವು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಅವುಗಳಲ್ಲಿ ಕೆಲವನ್ನು ತಿರುಗಿಸಿ ನೋಡಿದರೆ ವಿನ್ಯಾಸದ ತರ್ಕ ಕಣ್ಣಿಗೆ ಬೀಳುತ್ತದೆ: ಒಂದು ಮುಖದಲ್ಲಿ ಭುಜ ಅಗಲವಾಗಿ ನಡು ಸಣ್ಣಗಾದ ಗುಡುಗುಹಕ್ಕಿ, ಇನ್ನೊಂದು ಮುಖದಲ್ಲಿ ಮೈಗಿಂತ ಉದ್ದವಾದ ಬಾಲದ ನೀರೊಳಗಿನ ಚಿರತೆ. ಒಂದರ ಶತ್ರು ಇನ್ನೊಂದು, ಆದ್ದರಿಂದ ಎರಡನ್ನೂ ಒಂದೇ ಹೊತ್ತಿಗೆ ನೋಡಲು ಬಾರದು. ಮೇಲುಲೋಕ ಮತ್ತು ಕೆಳಲೋಕದ ನಡುವೆ ಚೀಲದ ಒಳಗಿರುವ ವಸ್ತು, ಅದನ್ನು ಹಿಡಿದ ಮನುಷ್ಯ. ಕಥೆಯ ಪ್ರಸಂಗವೊಂದನ್ನೂ ನಿರೂಪಿಸದೆ ಕಥೆಯ ಜಗತ್ತನ್ನೇ ವಸ್ತುವಿನ ರಚನೆಯಾಗಿಸಿದ ಈ ಜಾಣ್ಮೆಯನ್ನು ಮೀರಿಸಿದ್ದು ಆಮೇಲಿನ ಅನಿಶಿನಾಬೆ ವಿನ್ಯಾಸದಲ್ಲಿ ವಿರಳ. ಮುಂದೆ ತುಪ್ಪಳದ ವ್ಯಾಪಾರದೊಂದಿಗೆ ಯುರೋಪಿನ ಗಾಜಿನ ಮಣಿ, ಉಣ್ಣೆಬಟ್ಟೆ, ರೇಷ್ಮೆ ರಿಬ್ಬನ್ನುಗಳು ಹೇರಳವಾಗಿ ಬಂದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಹಕ್ಕಿಯೂ ಚಿರತೆಯೂ ಹಿಂದೆ ಸರಿದು, ಮಣಿಗಳಲ್ಲಿ ಕಸೂತಿ ಮಾಡಿದ ಬಳ್ಳಿ, ಎಲೆ, ಹಣ್ಣು, ಹೂವು ಮುಂದೆ ಬಂದವು. ಸಿಪಾಯಿಗಳ ಮದ್ದುಗುಂಡಿನ ಚೀಲದ ಮಾದರಿಯಲ್ಲಿ ಹುಟ್ಟಿದ ಅಗಲ ಪಟ್ಟಿಯ ಹೆಗಲಚೀಲ ಈ ಕಾಲದ ಶ್ರೇಷ್ಠ ಸೃಷ್ಟಿ. ಎದೆಯ ಮೇಲೆ ಅಡ್ಡಲಾಗಿ, ಕೆಲವೊಮ್ಮೆ ಎರಡೆರಡನ್ನು, ಗಂಡಸರು ತೊಡುತ್ತಿದ್ದರು. ಹಲವು ಚೀಲಗಳಿಗೆ ಕೈ ಹಾಕುವಷ್ಟು ಬಾಯಿಯೇ ಇಲ್ಲ. ಸಾಮಾನು ಇಡುವುದಕ್ಕೆಂದು ಮಾಡಿದ್ದಲ್ಲವಲ್ಲ. ನೆರೆಯ ಡಕೋಟಾ ಜನರ ಬಳಿ ಇಂಥ ಒಂದು ಚೀಲಕ್ಕೆ ಒಂದು ಕುದುರೆ ಸಿಗುತ್ತಿತ್ತೆಂದು ಹೇಳುತ್ತಾರೆ.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಮಣಿ ಯುರೋಪಿನದು, ರಿಬ್ಬನ್ ಯುರೋಪಿನದು, ಹೂವಿನ ಕಸೂತಿಯನ್ನೂ ಕ್ರೈಸ್ತ ಸನ್ಯಾಸಿನಿಯರ ಶಾಲೆಗಳಲ್ಲಿ ಕಲಿಸಿದ್ದು. 1639ರಲ್ಲಿ ಕ್ವಿಬೆಕ್‌ಗೆ ಬಂದ ಅರ್ಸುಲೈನ್ ಸನ್ಯಾಸಿನಿಯರ ಕಾಲದಿಂದಲೂ ಆ ಪಾಠ ನಡೆದಿತ್ತು. ಹಾಗಿದ್ದ ಮೇಲೆ ಇದನ್ನು ಸಾಂಪ್ರದಾಯಿಕ ಎನ್ನುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ, ಆದರೆ ಸಾಮಗ್ರಿಯ ಊರನ್ನು ಕೇಳಿ ಕಲೆಯ ಊರನ್ನು ಹೇಳಲಾಗದು. ಕೆನಡಾದ ಕಲಾ ಇತಿಹಾಸಕಾರ್ತಿ ರೂತ್ ಫಿಲಿಪ್ಸ್ ಈ ಕಾಲದ ವಸ್ತುಗಳ ಮೇಲೆ ಮಾಡಿದ ಅಧ್ಯಯನದಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಮಿಷನರಿಗಳಿಗೆ, ಅಧಿಕಾರಿಗಳಿಗೆ, ಪ್ರವಾಸಿಗಳಿಗೆ ಹೂವು ನಿರುಪದ್ರವಿಯಾಗಿ ಕಾಣುತ್ತಿತ್ತು. ಗುಡುಗುಹಕ್ಕಿಯನ್ನು ಕಂಡರೆ ಮೂಢನಂಬಿಕೆ ಎನ್ನುತ್ತಿದ್ದವರು ಸ್ಟ್ರಾಬೆರಿ ಬಳ್ಳಿಯನ್ನು ಕಂಡರೆ ಹೆಣ್ಣುಮಕ್ಕಳ ನಾಜೂಕು ಕೆಲಸ ಎಂದು ಮೆಚ್ಚಿ ಕೊಳ್ಳುತ್ತಿದ್ದರು. ಆದರೆ ಕಾಡಿನ ಪ್ರತಿ ಗಿಡದ ಔಷಧಗುಣವನ್ನೂ ಅದರ ಕಥೆಯನ್ನೂ ಬಲ್ಲ ಸಮುದಾಯದಲ್ಲಿ ಸ್ಟ್ರಾಬೆರಿ ಬರೀ ಅಲಂಕಾರವಾಗಿ ಉಳಿಯುವಂತಿಲ್ಲ. ಮಾರುವವಳಿಗೆ ಒಂದು ಅರ್ಥ, ಕೊಳ್ಳುವವಳಿಗೆ ಇನ್ನೊಂದು. ಪ್ರತಿಯೊಂದು ಹೂವಿನ ಹಿಂದೆಯೂ ಗುಪ್ತ ಸಂದೇಶವಿತ್ತು ಎಂದು ನಾನು ವಾದಿಸುತ್ತಿಲ್ಲ. ಎಷ್ಟೋ ಹೂಗಳು ಚೆಂದಕ್ಕಾಗಿಯೇ ಅರಳಿರಬೇಕು. ತೋರಿಸುವ ಅಳತೆಯನ್ನು ಮಾತ್ರ ತಯಾರಿಸುವವಳೇ ತನ್ನ ಕೈಯಲ್ಲಿಟ್ಟುಕೊಂಡಿದ್ದಳು.

ಆ ಅಳತೆಯನ್ನೂ ಕಸಿಯುವ ಕಾಲ ಬಂತು. ಅಮೆರಿಕದಲ್ಲಿ 1883ರ ನಿಯಮಾವಳಿ ಸಾಂಪ್ರದಾಯಿಕ ನೃತ್ಯ, ಆಚರಣೆಗಳನ್ನು ಅಪರಾಧವಾಗಿಸಿತು. ಕೆನಡಾದಲ್ಲಿ ಇಂಡಿಯನ್ ಆಕ್ಟ್‌ಗೆ 1914ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಪಶ್ಚಿಮ ಪ್ರಾಂತ್ಯಗಳ ಮೂಲನಿವಾಸಿಗಳು ತಮ್ಮದೇ ಉಡುಪು ತೊಟ್ಟು ಪ್ರದರ್ಶನಗಳಲ್ಲಿ ಕಾಣಿಸಿಕೊಳ್ಳಲು ಅಧಿಕಾರಿಯ ಅಪ್ಪಣೆ ಬೇಕಿತ್ತು. ಅಲ್ಲಿ ಆಚರಣೆಗಳ ಮೇಲಿನ ನಿಷೇಧ ಕಾನೂನು ಪುಸ್ತಕದಿಂದ ಹೋದದ್ದು 1951ರಲ್ಲಿ. ವಸತಿ ಶಾಲೆಗಳಲ್ಲಿ ಮಕ್ಕಳ ಜಡೆ ಕತ್ತರಿಸಿ ಸಮವಸ್ತ್ರ ತೊಡಿಸಿದರು. ಈ ಕಗ್ಗತ್ತಲಿನ ನಡುವೆಯೇ ಅನಿಶಿನಾಬೆ ಉಡುಪಿನ ಅತ್ಯಂತ ಹೆಸರಾದ ಹೊಸ ರೂಪ ಹುಟ್ಟಿತು. 1918ರ ಇನ್‌ಫ್ಲುಯೆಂಜಾ, ನಮ್ಮ ಮುಂಬಯಿ, ಮೈಸೂರುಗಳನ್ನೂ ಬಡಿದ ಅದೇ ಜ್ವರ, ಸರೋವರ ಪ್ರಾಂತ್ಯವನ್ನು ಹೊಕ್ಕಾಗ, ಕಾಯಿಲೆ ಬಿದ್ದ ಮಗಳ ತಂದೆಯೊಬ್ಬನಿಗೆ ಕನಸಿನಲ್ಲಿ ಒಂದು ಉಡುಪೂ ಅದರ ಕುಣಿತವೂ ಕಾಣಿಸಿದವು. ಮಿನ್ನೆಸೋಟದ ಮಿಲ್ ಲ್ಯಾಕ್ಸ್‌ನವರೂ ಒಂಟಾರಿಯೊದ ವೈಟ್‌ಫಿಶ್ ಬೇಯವರೂ ಈ ಕನಸು ತಮ್ಮಲ್ಲಿ ಬಿದ್ದದ್ದು ಎನ್ನುತ್ತಾರೆ. ಜಿಂಗಲ್ ಡ್ರೆಸ್ ಎಂದು ಹೆಸರಾದ ಆ ಉಡುಪಿನ ಮೇಲೆ ತಗಡಿನ ಪುಟ್ಟ ಶಂಕುಗಳ ಸಾಲು. ಮೊದಮೊದಲು ಅವನ್ನು ಮಾಡಿದ್ದು ತಂಬಾಕಿನ ಡಬ್ಬಿಗಳ ಮುಚ್ಚಳವನ್ನು ಸುರುಳಿ ಸುತ್ತಿ. ಒಂದಕ್ಕೊಂದು ತಗಲುವಷ್ಟು ಹತ್ತಿರ ಹೊಲಿದರೆ ಹೆಜ್ಜೆ ಇಟ್ಟಂತೆ ಮಳೆ ಸುರಿದ ಸದ್ದು. ಆ ಸದ್ದೇ ಔಷಧ. ರೆಡ್ ಲೇಕ್ ಒಜಿಬ್ವೆ ಸಮುದಾಯದ ಇತಿಹಾಸಕಾರ್ತಿ ಬ್ರೆಂಡಾ ಚೈಲ್ಡ್, ನೃತ್ಯಗಳನ್ನು ಸರ್ಕಾರ ಹತ್ತಿಕ್ಕುತ್ತಿದ್ದ ಆ ವರ್ಷಗಳಲ್ಲೇ ಈ ಕುಣಿತ ಊರಿಂದೂರಿಗೆ ಹಬ್ಬಿದ್ದನ್ನು ಗುರುತಿಸಿದ್ದಾರೆ. ಹಳೆಯ ಕಥೆಯೊಂದು ಬಟ್ಟೆಗೆ ಸ್ಫೂರ್ತಿಯಾಯಿತು ಎಂಬ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ, ಏಕೆಂದರೆ ಬಟ್ಟೆಯೊಂದಿಗೇ ಹುಟ್ಟಿದ ಕಥೆ ಇಂದು ಸಾಂಪ್ರದಾಯಿಕ ಕಥೆಗಳ ಸಾಲಿನಲ್ಲಿ ನಿಂತಿದೆ. 2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಹೆಂಗಸರು ಆ ಉಡುಪನ್ನು ಹೊರತೆಗೆದು ತಮ್ಮ ಮನೆಯಂಗಳದಲ್ಲಿ ಕುಣಿದು ಅಂತರ್ಜಾಲಕ್ಕೆ ಹಾಕಿದರು.

ಇತ್ತ ಕಥೆಗಳು ಬೇರೆಯವರ ಪುಸ್ತಕಗಳಲ್ಲಿ ಸಂಚಾರ ಹೊರಟಿದ್ದವು. ಅಮೆರಿಕದ ಅಧಿಕಾರಿ ಹೆನ್ರಿ ಸ್ಕೂಲ್‌ಕ್ರಾಫ್ಟ್ ತನ್ನ ಒಜಿಬ್ವೆ ಹೆಂಡತಿ ಜೇನ್ ಮತ್ತವಳ ಬಂಧುಗಳ ನೆರವಿನಿಂದ ಸಂಗ್ರಹಿಸಿದ ಕಥೆಗಳು 1839ರಲ್ಲಿ ಅಚ್ಚಾದವು. 1855ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೊ ಅವನ್ನೇ ಆಧರಿಸಿ ಕಾವ್ಯ ಬರೆದು ನಾನಬೋಝೋಗೆ ಹಯವಾಥ ಎಂಬ ಇರೊಕ್ವಾ ಹೆಸರಿಟ್ಟ. ಒಂದು ಜನಾಂಗದ ನಾಯಕನಿಗೆ ಇನ್ನೊಂದು ಜನಾಂಗದ ಹೆಸರು! ಕಥೆಗಳನ್ನು ಮರಳಿ ತಮ್ಮವರ ಕೈಯಿಂದಲೇ ಚಿತ್ರವಾಗಿಸಿದ ಕೀರ್ತಿ ಒಜಿಬ್ವೆ ಚಿತ್ರಕಾರ ನಾರ್ವಲ್ ಮಾರಿಸ್ಸೊಗೆ ಸಲ್ಲಬೇಕು. 1962ರಲ್ಲಿ ಟೊರಾಂಟೊದ ಪೊಲಾಕ್ ಗ್ಯಾಲರಿಯಲ್ಲಿ ಅವರ ಚಿತ್ರಗಳು ಪ್ರದರ್ಶನವಾದವು: ದಪ್ಪ ಕಪ್ಪು ಗೆರೆಯ ಚೌಕಟ್ಟು, ಒಳಗಿನ ಅಂಗಾಂಗಗಳೂ ಕಾಣುವ ದೇಹಗಳು, ಜೀವಿಯಿಂದ ಜೀವಿಗೆ ಹರಿಯುವ ಶಕ್ತಿಯ ರೇಖೆ. ಮನಿಟೌಲಿನ್ ದ್ವೀಪದ ಡ್ಯಾಫ್ನಿ ಓಜಿಗ್ ಮೊದಲಾದವರೊಂದಿಗೆ ಇದು ವುಡ್‌ಲ್ಯಾಂಡ್ ಪಂಥವಾಗಿ ಬೆಳೆಯಿತು. ಇಂದು ಅನಿಶಿನಾಬೆ ಜಾಕೆಟ್, ಸ್ಕಾರ್ಫುಗಳ ಮೇಲೆ ಕಾಣುವ ಹಕ್ಕಿ, ಮೀನು, ಕರಡಿಗಳ ಗೆರೆ ಬಹುಪಾಲು ಇಲ್ಲಿಂದ ಇಳಿದದ್ದು. ಮುಚ್ಚಿಡಬೇಕಾದ ಕಥೆಗಳನ್ನು ಬಯಲಿಗಿಟ್ಟರೆಂದು ಸಮುದಾಯದ ಕೆಲವು ಹಿರಿಯರು ಮಾರಿಸ್ಸೊ ಮೇಲೆ ಸಿಟ್ಟಾಗಿದ್ದರು. ಆ ಸಿಟ್ಟನ್ನು ಸಂಪ್ರದಾಯವಾದಿಗಳ ಹಟವೆಂದು ತಳ್ಳಿಹಾಕಬಾರದು. ಚಿತ್ರ ಒಮ್ಮೆ ಹೊರಬಿದ್ದ ಮೇಲೆ ಯಾರು ಬೇಕಾದರೂ ನಕಲು ಮಾಡಬಹುದು. 2023ರಲ್ಲಿ ಕೆನಡಾ ಪೊಲೀಸರು ಎಂಟು ಜನರ ಮೇಲೆ ಮೊಕದ್ದಮೆ ಹೂಡಿ ಸಾವಿರಕ್ಕೂ ಹೆಚ್ಚು ಶಂಕಿತ ನಕಲಿ ಮಾರಿಸ್ಸೊ ಚಿತ್ರಗಳನ್ನು ವಶಪಡಿಸಿಕೊಂಡದ್ದು ಹಿರಿಯರ ಆತಂಕಕ್ಕೆ ಅವರೇ ಊಹಿಸದಿದ್ದ ಪುರಾವೆ.

ಆದರೂ ಬಾಯಿ ಮುಚ್ಚಿಕೊಳ್ಳುವುದೊಂದೇ ಪರಿಹಾರವಾಗಿರಲಿಲ್ಲ ಎಂಬುದನ್ನು 1987ರಲ್ಲಿ ಅನಿಶಿನಾಬೆ ಕಲಾವಿದೆ ರೆಬೆಕ್ಕಾ ಬೆಲ್ಮೋರ್ ತೋರಿಸಿದರು. ಬ್ರಿಟನ್ನಿನ ಯಾರ್ಕ್ ಡ್ಯೂಕ್ ದಂಪತಿ ಥಂಡರ್ ಬೇ ಪಟ್ಟಣಕ್ಕೆ ಬಂದ ಸಂದರ್ಭಕ್ಕೆ ಅವರು ಒಂದು ಉಡುಪು ಮಾಡಿದರು. ಮುಂದಿನಿಂದ ವಿಕ್ಟೋರಿಯನ್ ಗೌನು, ಎದೆಗೆ ಪಿಂಗಾಣಿ ತಟ್ಟೆಗಳ ಕವಚ. ಹಿಂದೆ ತಿರುಗಿದರೆ ಸೊಂಟದ ಕೆಳಗೆ ಉಬ್ಬಿ ನಿಂತದ್ದು ಕಡ್ಡಿಗಳಿಂದ ಕಟ್ಟಿದ ಬೀವರ್ ಗೂಡು, ಅದರಲ್ಲಿ ಸಿಕ್ಕಿಕೊಂಡ ರಾಜಮನೆತನದ ಸ್ಮರಣಿಕೆಗಳು. ಬೀವರ್ ತುಪ್ಪಳಕ್ಕಾಗಿ ಬಂದು ನೆಲವನ್ನೇ ಕೊಂಡುಹೋದ ಸಾಮ್ರಾಜ್ಯಕ್ಕೆ ಅದರದೇ ದರ್ಬಾರು ಉಡುಪಿನಲ್ಲಿ ಕೊಟ್ಟ ಉತ್ತರ ಅದು. ಪವಿತ್ರ ಕಥೆಯ ಒಂದೆಳೆಯನ್ನೂ ಮಾರದೆ, ಎರಡು ಮುಖದ ಹಳೆಯ ಚೀಲದ ತರ್ಕವನ್ನು ಮೈಗೆ ತೊಡಿಸಿದಂತಿದೆ ಈ ಕೃತಿ. ಅನಿಶಿನಾಬೆ ಉಡುಪು ವಿನ್ಯಾಸದ ಆಧುನಿಕ ಘಟ್ಟ ಶುರುವಾಗುವುದು ಫ್ಯಾಷನ್ ವೇದಿಕೆಯಲ್ಲಲ್ಲ, ಈ ಬೀದಿ ಮೆರವಣಿಗೆಯಲ್ಲಿ ಎಂದು ನಾನು ಲೆಕ್ಕ ಹಾಕುತ್ತೇನೆ. ಎಂ'ಚಿಗೀಂಗ್‌ನ ಬ್ಯಾರಿ ಏಸ್ ಇದೇ ದಾರಿಯವರು. ಅವರ ಹೆಗಲಚೀಲಗಳ ಹೂವುಗಳನ್ನು ದೂರದಿಂದ ನೋಡಿದರೆ ಮಣಿ ಕಸೂತಿ. ಹತ್ತಿರ ಹೋದರೆ ರೇಡಿಯೊ ಒಳಗಿರುವಂಥ ರೆಸಿಸ್ಟರ್, ಕೆಪಾಸಿಟರುಗಳು, ಅವುಗಳ ಕಾಲುತಂತಿಗಳನ್ನು ಬಗ್ಗಿಸಿ ಹೊಲಿದ ದಳಗಳು. ಗಾಜಿನ ಮಣಿಯೂ ಒಂದು ಕಾಲಕ್ಕೆ ಹಡಗಿನಲ್ಲಿ ಬಂದಿಳಿದ ಹೊಸ ಸಾಮಾನೇ ಆಗಿತ್ತಲ್ಲ.

ಉದ್ಯಮವಾಗಿ ಮೂಲನಿವಾಸಿ ಫ್ಯಾಷನ್ ರೂಪುಗೊಂಡದ್ದು ಬೇರೆ ಕಡೆ: ಚೆರೊಕೀ ವಿನ್ಯಾಸಕ ಲಾಯ್ಡ್ ಕೀವಾ ನ್ಯೂ ಅರಿಜೋನಾದಲ್ಲಿ ಅಂಗಡಿ ತೆರೆದದ್ದು, ಅವರ ಪಾಲುದಾರಿಕೆಯಲ್ಲಿ 1962ರಲ್ಲಿ ಸಾಂತಾ ಫೆಯ ಕಲಾ ಸಂಸ್ಥೆ ಶುರುವಾದದ್ದು, ಹೈಡಾ ಸಮುದಾಯದ ಡೊರೊತಿ ಗ್ರಾಂಟ್ 1989ರಲ್ಲಿ ತಮ್ಮ ಬ್ರ್ಯಾಂಡ್ ಕಟ್ಟಿದ್ದು. ಅನಿಶಿನಾಬೆಯವರ ಪಾತ್ರ ಹಿರಿದಾದದ್ದು ಬರಹ ಮತ್ತು ಮಾರುಕಟ್ಟೆ ಕಟ್ಟುವ ಕೆಲಸದಲ್ಲಿ. ಟರ್ಟಲ್ ಮೌಂಟನ್ ಸಮುದಾಯದ ಜೆಸಿಕಾ ಮೆಟ್‌ಕಾಫ್ ಮೂಲನಿವಾಸಿ ವಿನ್ಯಾಸಕರ ಮೇಲೆ ಸಂಶೋಧನೆ ಮಾಡಿ, ಬಳಿಕ ಅವರ ಉಡುಪುಗಳನ್ನೇ ಮಾರುವ ಮಳಿಗೆ ತೆರೆದರು. ನಿಪಿಸ್ಸಿಂಗ್‌ನ ಕ್ರಿಶ್ಚಿಯನ್ ಅಲೇರ್ ವೋಗ್ ಪತ್ರಿಕೆಯಲ್ಲಿ ಕುಳಿತು ಈ ವಿನ್ಯಾಸಕರನ್ನು ಜಗತ್ತಿಗೆ ಪರಿಚಯಿಸುತ್ತಿದ್ದಾರೆ. 2018ರಲ್ಲಿ ಡೆನೆ ಸಮುದಾಯದ ಸೇಜ್ ಪಾಲ್ ನೇತೃತ್ವದಲ್ಲಿ ಟೊರಾಂಟೊದ ಮೂಲನಿವಾಸಿ ಫ್ಯಾಷನ್ ವಾರ ಆರಂಭವಾಯಿತು. ಲೀಚ್ ಲೇಕ್‌ನ ಡೆಲಿನಾ ವೈಟ್ ಸರೋವರ ಪ್ರಾಂತ್ಯದ ಹೂಬಳ್ಳಿಗಳನ್ನು ಇಂದಿನ ಉಡುಪಿಗೆ ತಂದರೆ, ಫಾಂಡ್ ಡು ಲ್ಯಾಕ್‌ನ ಮ್ಯಾಗಿ ಥಾಂಪ್ಸನ್ ಹೆಣಿಗೆಯನ್ನೇ ಮಾಧ್ಯಮವಾಗಿಸಿಕೊಂಡಿದ್ದಾರೆ. ಟೆಮಗಾಮಿ ಮೂಲದ ಲೆಸ್ಲಿ ಹ್ಯಾಂಪ್ಟನ್ ಅವರ ಸಂಜೆಯ ಗೌನುಗಳಲ್ಲಿ ಹಕ್ಕಿಯೂ ಇಲ್ಲ, ಬಳ್ಳಿಯೂ ಇಲ್ಲದಿರಬಹುದು. ಎಲ್ಲ ಗಾತ್ರದ ದೇಹಗಳಿಗೂ ಹೊಂದುವ ಉಡುಪು ಅವರ ಕಾಳಜಿ. ಇದರಲ್ಲಿ ಅನಿಶಿನಾಬೆತನ ಎಲ್ಲಿದೆ ಎಂದು ಕೇಳುವವರಿದ್ದಾರೆ. ಪ್ಯಾರಿಸ್ಸಿನ ದರ್ಜಿ ತನ್ನ ಪ್ರತಿ ಕೋಟಿನಲ್ಲೂ ಫ್ರಾನ್ಸಿನ ಜನಪದ ಕಥೆಯನ್ನು ತೋರಿಸಬೇಕೆಂದು ಯಾರೂ ಒತ್ತಾಯಿಸುವುದಿಲ್ಲ.

ಬಟ್ಟೆಯ ಅರ್ಥವನ್ನು ತೀರ್ಮಾನಿಸುವ ಹಕ್ಕಿನ ಪ್ರಶ್ನೆ ಬೀದಿಯಲ್ಲೂ ಶಾಲೆಯಲ್ಲೂ ಎದುರಾಗುತ್ತಲೇ ಇದೆ. 2020ರ ಡಿಸೆಂಬರಿನಲ್ಲಿ ಸಸ್ಕಾಚೆವನ್‌ನ ಶಾಲೆಯೊಂದರಲ್ಲಿ ವಿಶೇಷ ಉಡುಪಿನ ದಿನ ರಿಬ್ಬನ್ ಲಂಗ ತೊಟ್ಟು ಬಂದ ಹತ್ತು ವರ್ಷದ ಹುಡುಗಿಗೆ, ಅನಿಶಿನಾಬೆಯ ಸೊಲ್ಟೊ ಶಾಖೆಯ ಸಮುದಾಯದವಳಿಗೆ, ಅದು ಸಮಾರಂಭಕ್ಕೆ ತಕ್ಕ ಉಡುಪಲ್ಲ ಎಂದರು. ದೇಶವೆಲ್ಲ ಎದ್ದು ನಿಂತಿತು. 2023ರಿಂದ ಜನವರಿ 4 ಕೆನಡಾದಲ್ಲಿ ರಾಷ್ಟ್ರೀಯ ರಿಬ್ಬನ್ ಲಂಗದ ದಿನ. ಮಿನಿಯಾಪೊಲಿಸ್‌ನಲ್ಲಿ 1946ರಲ್ಲಿ ಹುಟ್ಟಿ ಮೊಕಾಸಿನ್ ಚಪ್ಪಲಿಯಿಂದಲೇ ಹೆಸರಾದ ಮಿನ್ನೆಟೊಂಕಾ ಕಂಪನಿ, ಮೂಲನಿವಾಸಿಗಳ ವಿನ್ಯಾಸದಿಂದ ಲಾಭ ಪಡೆದದ್ದಕ್ಕೆ 2021ರ ಅಕ್ಟೋಬರಿನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ, ಮಿಲ್ ಲ್ಯಾಕ್ಸ್‌ನ ಕಲಾವಿದೆ ಏಡ್ರಿಯನ್ ಬೆಂಜಮಿನ್ ಅವರನ್ನು ಸಲಹೆಗಾರ್ತಿಯಾಗಿ ಸೇರಿಸಿಕೊಂಡಿತು. ಕ್ಷಮೆಗೆ ಎಪ್ಪತ್ತೈದು ವರ್ಷ ಬೇಕಾಯಿತು. ಕಾನೂನಿನ ಬಲ ಇಲ್ಲಿ ತೆಳು. ಅಮೆರಿಕದ 1990ರ ಕಾಯಿದೆ ಮೂಲನಿವಾಸಿಗಳು ಮಾಡಿದ್ದೆಂದು ಸುಳ್ಳು ಹೇಳಿ ಮಾರುವುದನ್ನು ತಡೆಯುತ್ತದೆ, ಅಷ್ಟೆ; ಹಾಗೆ ಹೇಳದೆ ಅದೇ ಚಿತ್ತಾರ ಬಳಸಿದರೆ ಆ ಕಾಯಿದೆ ಸುಮ್ಮನಿರುತ್ತದೆ. ಕೃತಿಸ್ವಾಮ್ಯದ ಕಾನೂನು ಒಬ್ಬ ಲೇಖಕನನ್ನು ಹುಡುಕುತ್ತದೆ. ನೂರಾರು ವರ್ಷ ಎಲ್ಲರೂ ಸೇರಿ ಹೇಳಿದ ಕಥೆಗೆ ಅಂಥ ಲೇಖಕ ಸಿಗುವುದಿಲ್ಲ.

ಕೊನೆಯ ಆಕ್ಷೇಪ ಒಳಗಿನವರದೇ, ಹಾಗಾಗಿ ತೂಕದ್ದು. ಸಮುದಾಯದವರೇ ಹೊಲಿದರೂ ಮಾರಾಟಕ್ಕಿಟ್ಟ ಮೇಲೆ ಕಥೆ ಸರಕೇ ತಾನೆ? ಕೈಯಿಂದ ಮಣಿ ಹೊಲಿದ ಉಡುಪಿನ ಬೆಲೆ ಮೀಸಲು ಪ್ರದೇಶದ ಎಷ್ಟು ಜನರ ಕೈಗೆಟುಕುತ್ತದೆ? ಎರಡನೆಯ ಪ್ರಶ್ನೆಯ ಮುಂದೆ ಈ ಉದ್ಯಮ ಸೋತಿದೆ ಎಂದೇ ಹೇಳಬೇಕು. ಗಂಟೆಗಟ್ಟಲೆಯ ಕೈಕೆಲಸಕ್ಕೆ ನ್ಯಾಯವಾದ ಕೂಲಿ ಮತ್ತು ಅಗ್ಗದ ಬೆಲೆ ಒಟ್ಟಿಗೆ ಬರಲಾರವು. ಫಾಂಡ್ ಡು ಲ್ಯಾಕ್‌ನ ಸಾರಾ ಅಗೇಟನ್ ಹೌಸ್ ತಮ್ಮ ಹೂಬಳ್ಳಿ ವಿನ್ಯಾಸಗಳನ್ನು ಮೂಲನಿವಾಸಿಗಳದೇ ಸಂಸ್ಥೆಯಾದ ಸಿಯಾಟಲ್‌ನ ಎಯ್ತ್ ಜನರೇಷನ್ ಜೊತೆಗೂಡಿ ಕಂಬಳಿಗಳಾಗಿಸಿದ್ದು ಒಂದು ನಡುದಾರಿ. ಮೊದಲ ಪ್ರಶ್ನೆಗೆ ಮಾತ್ರ ಇತಿಹಾಸವೇ ಉತ್ತರ ಕೊಡುತ್ತದೆ: ಕುದುರೆಗೆ ವಿನಿಮಯವಾದ ಹೆಗಲಚೀಲವೂ, ಪ್ರವಾಸಿಗಳಿಗೆ ಮಾರಿದ ತೊಗಟೆಯ ಪೆಟ್ಟಿಗೆಯೂ ಸರಕೇ ಆಗಿದ್ದವು, ಅದರಿಂದ ಕಥೆ ಬಡವಾಗಲಿಲ್ಲ, ಏಕೆಂದರೆ ಮಾರಿದ್ದು ವಸ್ತುವನ್ನು, ಚಳಿಗಾಲದ ರಾತ್ರಿಗೆ ಮೀಸಲಾದದ್ದನ್ನು ಯಾರೂ ಗಂಟಿನಲ್ಲಿ ಕಟ್ಟಿ ಕೊಡಲಿಲ್ಲ. ತೋರಿಸುವ ಅಳತೆ ಇಂದಿಗೂ ತಯಾರಿಸುವವರ ಕೈಯಲ್ಲೇ ಇದೆ: ಆಮ್ಜಿವ್‌ನಾಂಗ್‌ನ ನಿಕೊ ವಿಲಿಯಮ್ಸ್ 2024ರಲ್ಲಿ ಕೆನಡಾದ ಪ್ರತಿಷ್ಠಿತ ಸೋಬಿ ಪ್ರಶಸ್ತಿ ಗೆದ್ದದ್ದು ಮಣಿಕೆಲಸಕ್ಕೆ. ಅವರ ಕೃತಿಗಳಲ್ಲಿ ಹೆಚ್ಚಿನವು ದಿನಬಳಕೆಯ ಸಾಮಾನುಗಳ, ಜ್ಯಾಮಿತಿಯ ಆಕಾರಗಳ ಮಣಿರೂಪಗಳು.