ನಕ್ಷತ್ರಗರ್ಭದ ಕಾಂತಕ್ಷೇತ್ರ

ನಕ್ಷತ್ರದ ತಿರುಳಿನಲ್ಲಿ ಹುದುಗಿದ್ದು, ಹೊರಬರುವ ಬೆಳಕಿನಲ್ಲಿ ನೇರ ಗುರುತು ಬಿಡದ ಕಾಂತಕ್ಷೇತ್ರ. ಸೌರಕಲೆಗಳ ಕ್ಷೇತ್ರವನ್ನು ಜಾರ್ಜ್ ಎಲರಿ ಹೇಲ್ 1908ರಲ್ಲೇ ರೋಹಿತ ರೇಖೆಗಳ ಸೀಳಿನಿಂದ ಪತ್ತೆಹಚ್ಚಿದ್ದರು. ಆ ವಿಧಾನ ಬೆಳಕು ಹೊರಡುವ ಪದರದಾಚೆ ಒಳಹೋಗದು. ತಿರುಳಿನ ಸುದ್ದಿ ದೊರೆಯುವುದು ನಕ್ಷತ್ರದ ಕಂಪನಗಳಿಂದ, ಅದೂ ಮುಖ್ಯವಾಗಿ ಕೆಂಪು ದೈತ್ಯಗಳಲ್ಲಿ.

ಅಳೆಯುವ ಬಗೆ: ಕೆಂಪು ದೈತ್ಯದ ಹೊರಭಾಗದಲ್ಲಿ ಶಬ್ದತರಂಗಗಳೂ ತಿರುಳಿನಲ್ಲಿ ತೇಲುಬಲದ ತರಂಗಗಳೂ ಇರುತ್ತವೆ. ಕೆಲವು ಕಂಪನಗಳಲ್ಲಿ ಇವೆರಡೂ ಬೆಸೆದುಕೊಂಡು, ಆಳದ ಚಲನೆ ಮೇಲ್ಮೈ ಹೊಳಪಿನ ಏರಿಳಿತವಾಗಿ ಕಾಣುತ್ತದೆ. ಇಂಥ ದ್ವಿಧ್ರುವ ಕಂಪನವನ್ನು, ಅಂದರೆ ಎರಡು ಅರ್ಧಗೋಳಗಳು ಎದುರುಬದುರಾಗಿ ಮಿಡಿಯುವುದನ್ನು, ನಕ್ಷತ್ರದ ಆವರ್ತನೆ ಮೂರಾಗಿ ಸೀಳುತ್ತದೆ. ಮಂದ ಆವರ್ತನೆಯೊಂದೇ ಕಾರಣವಾದರೆ ಬದಿಯ ಎರಡು ನಡುವಿನದರಿಂದ ಸಮದೂರದಲ್ಲಿರಬೇಕು. ಕಾಂತಕ್ಷೇತ್ರವಿದ್ದರೆ ಬದಿಯವುಗಳ ಕಂಪನಾಂಕ ಒಂದಿಷ್ಟು, ನಡುವಿನದು ಇನ್ನೊಂದಿಷ್ಟು ಏರಿ ಸಮದೂರ ಕೆಡುತ್ತದೆ. ಏರಿಕೆಯು ಕ್ಷೇತ್ರಬಲದ ವರ್ಗಕ್ಕೆ ನೇರ ಅನುಪಾತದಲ್ಲೂ ಕಂಪನಾಂಕದ ಘನಕ್ಕೆ ವಿಲೋಮಾನುಪಾತದಲ್ಲೂ ಇರುವುದರಿಂದ, ಕಡಿಮೆ ಕಂಪನಾಂಕಗಳಲ್ಲೇ ಸುಳಿವು ಸ್ಪಷ್ಟ. ಕ್ಷೇತ್ರದ ಆಕಾರ, ಓರೆಗಳನ್ನು ಅವಲಂಬಿಸಿ ಮೂರೂ ಸಮನಾಗಿ ಏರುವುದೂ ಉಂಟು. ಸಮದೂರ ಕಂಡಮಾತ್ರಕ್ಕೆ ಕ್ಷೇತ್ರವಿಲ್ಲವೆಂದು ತೀರ್ಮಾನಿಸಲಾಗದು.

ಹೀಗೆ 2022ರಲ್ಲಿ ತುಲೂಸ್‌ನ ಗಾಂಗ್ ಲೀ ಮತ್ತು ಸಂಗಡಿಗರು ಕೆಪ್ಲರ್ ದೂರದರ್ಶಕದ ದತ್ತಾಂಶದಿಂದ ಮೂರು ಕೆಂಪು ದೈತ್ಯಗಳಲ್ಲಿ, ಹೈಡ್ರೋಜನ್ ಉರಿಯುವ ಪದರದ ಆಸುಪಾಸಿನಲ್ಲಿ, 30ರಿಂದ 100 ಕಿಲೋಗಾಸ್ ಕ್ಷೇತ್ರವನ್ನು ಅಳೆದರು. ಭೂಮಿಯ ಮೇಲ್ಮೈಯಲ್ಲಿ ಭೂಮಿಯದೇ ಕಾಂತಕ್ಷೇತ್ರ ಒಂದು ಗಾಸ್‌ಗೂ ಕಡಿಮೆ.

ವಿವಾದ: ಕೆಲವು ದೈತ್ಯಗಳಲ್ಲಿ ದ್ವಿಧ್ರುವ ಕಂಪನಗಳೇ ಕುಗ್ಗಿರುತ್ತವೆ. ಪ್ರಬಲ ಕ್ಷೇತ್ರವು ತರಂಗಗಳನ್ನು ತಿರುಳಿನಲ್ಲೇ ಸೆರೆಹಿಡಿಯುತ್ತದೆಂದು 2015ರಲ್ಲಿ ಜಿಮ್ ಫುಲ್ಲರ್ ಮೊದಲಾದವರು ವಾದಿಸಿದರು. 2017ರಲ್ಲಿ ಬೆನ್ವಾ ಮೋಸೇ ತಂಡ, ಕುಗ್ಗಿದ ಕಂಪನಗಳಲ್ಲೂ ತಿರುಳಿನ ಅಂಶ ಉಳಿದಿರುವುದನ್ನು ತೋರಿಸಿ ಆಕ್ಷೇಪಿಸಿತು. ಆಕ್ಷೇಪ ತೂಕದ್ದೇ. ಕುಗ್ಗಿದ ಕಂಪನವನ್ನು ಕಾಂತಕ್ಷೇತ್ರದ ಪುರಾವೆಯೆಂದು ಎಣಿಸುವಾಗ ಎಚ್ಚರ ಬೇಕು.

ಮುಂಬಯಿಯ ಕೆಲಸ: ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಶ್ರವಣ್ ಹನಸೋಗೆ ಮತ್ತು ಸಹಲೇಖಕರು 2024ರಲ್ಲಿ, ತಿರುಳಿನಿಂದ ಮೇಲ್ಮೈವರೆಗೆ ಯಾವ ಪದರದ ಕ್ಷೇತ್ರ ಕಂಪನಗಳಲ್ಲಿ ಗೋಚರಿಸಬಲ್ಲದೆಂದು ಲೆಕ್ಕಹಾಕಿದರು.  

ಮೂಲ: ನಕ್ಷತ್ರದ ಯೌವನದಲ್ಲಿ ಕುದಿಯುತ್ತಿದ್ದ ತಿರುಳು ಹುಟ್ಟಿಸಿದ ಕ್ಷೇತ್ರದ ಉಳಿಕೆ ಇದಾಗಿರಬಹುದು. ಕೆಲವು ಶ್ವೇತಕುಬ್ಜಗಳ ಪ್ರಬಲ ಕಾಂತತೆಗೂ ಇದೇ ಮೂಲವಿರಬಹುದೆಂಬ ಊಹೆಯುಂಟು.